ಬ್ಲಾಕಿನ ಗಾತ್ರವೋ ಫೈಲ್ ಮಾರ್ಕಿನ ಅಂತರವೋ: ಟೇಪ್ ಬ್ಯಾಕಪ್‌ನ ವೇಗ ಕುರಿತು ಒಂದು ಮರುವಿಚಾರ

1. ವಿವಾದದ ನೆಲೆ

ಟೇಪ್ ಡ್ರೈವ್ ನಿಧಾನವಾಗಿದೆ ಎಂಬ ದೂರಿಗೆ ಬ್ಯಾಕಪ್ ವಲಯದಲ್ಲಿ ಸಿಗುವ ಮೊದಲ ಉತ್ತರ, 'ಬ್ಲಾಕಿನ ಗಾತ್ರ ಹೆಚ್ಚಿಸಿ' ಎಂಬುದು. 64 ಕೆಬಿ ಇದ್ದರೆ 256 ಕೆಬಿ ಮಾಡಿ, ಅದೂ ಸಾಲದಿದ್ದರೆ 1 ಎಂಬಿ ಮಾಡಿ ಎನ್ನುತ್ತಾರೆ. ಬ್ಯಾಕಪ್ ತಂತ್ರಾಂಶಗಳ ಕೈಪಿಡಿಗಳಲ್ಲೂ ಅನುಭವಸ್ಥರ ಮಾತಿನಲ್ಲೂ ಈ ಸಲಹೆ ಎಷ್ಟು ಬೇರುಬಿಟ್ಟಿದೆಯೆಂದರೆ, ಅದರ ಹಿಂದಿನ ಲೆಕ್ಕವನ್ನು ಮತ್ತೆ ಹಾಕಿ ನೋಡುವ ಅಗತ್ಯವೇ ಇಲ್ಲವೆಂಬಂತಾಗಿದೆ. ಆ ಲೆಕ್ಕವನ್ನು ಮತ್ತೆ ಹಾಕುವುದೇ ಈ ಲೇಖನದ ಕೆಲಸ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬಕೂಲಾ ಎಂಬ ಬ್ಯಾಕಪ್ ತಂತ್ರಾಂಶದಲ್ಲೂ ಅದರ ವಂಶದವುಗಳಲ್ಲೂ, ಎಲ್‌ಟಿಒ ಎಂಬ ಟೇಪ್ ಮಾದರಿಯ ಏಳನೆಯ ತಲೆಮಾರು (ಎಲ್‌ಟಿಒ-7) ಮತ್ತು ಆಮೇಲಿನ ಡ್ರೈವ್‌ಗಳ ಮೇಲೆ, ವೇಗವನ್ನು ಮೊದಲು ಕಟ್ಟಿಹಾಕುವುದು ಬಹುಪಾಲು ಸಂದರ್ಭಗಳಲ್ಲಿ ಫೈಲ್ ಮಾರ್ಕುಗಳ, ಅಂದರೆ ಒಂದು ಭಾಗ ಮುಗಿಯಿತೆಂದು ಟೇಪಿನ ಮೇಲೆ ಹಾಕುವ ಗುರುತುಗಳ, ನಡುವಿನ ಅಂತರ. ಬ್ಲಾಕಿನ ಗಾತ್ರದ ಸರದಿ ಬರುವುದು ಆಮೇಲೆ. ಆ ಅಂತರವನ್ನು ಇಷ್ಟು ಜಿಬಿ ಎಂದು ಗಾತ್ರದಲ್ಲಿ ಗೊತ್ತುಮಾಡುವ ರೂಢಿಯೇ ತೊಡಕಿನ ಮೂಲ. ಅದನ್ನು ಕಾಲದಲ್ಲಿ ಅಳೆಯಬೇಕು. ಈ ಹೇಳಿಕೆಗೆ ಹಲವು ಷರತ್ತುಗಳಿವೆ, ಅವನ್ನು ಮುಂದೆ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಟೇಪ್ ಇನ್ನೂ ಬಳಕೆಯಲ್ಲಿದೆಯೇ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಜಾಗ ಬೇಡ. 2011ರ ಫೆಬ್ರುವರಿಯಲ್ಲಿ ಜಿಮೇಲ್ ಬಳಕೆದಾರರಲ್ಲಿ ಒಂದು ಸಣ್ಣ ಪಾಲಿನವರ ಅಂಚೆ ಮಾಯವಾದಾಗ ಗೂಗಲ್ ಅದನ್ನು ಟೇಪಿನಿಂದಲೇ ಮರಳಿ ಪಡೆಯಿತು. ಜಿನೀವಾದ ಸರ್ನ್ ಪ್ರಯೋಗಾಲಯ ಭೌತವಿಜ್ಞಾನದ ದತ್ತಾಂಶವನ್ನು ಇಂದಿಗೂ ಟೇಪಿನಲ್ಲಿ ಕಾಪಿಡುತ್ತದೆ. ಜಾಲದಿಂದ ಕಳಚಿ ಕಪಾಟಿನಲ್ಲಿಟ್ಟ ಟೇಪನ್ನು ದೂರದಿಂದ ಅಳಿಸಲು ಯಾರಿಗೂ ಆಗದು ಎಂಬುದೇ ಅದರ ದೊಡ್ಡ ಬಲ.

2. ಈವರೆಗಿನ ವಿಚಾರ

ಟೇಪ್ ಓಡುತ್ತಲೇ ಇರಬೇಕು, ನಿಲ್ಲಬಾರದು ಎಂಬ ತಿಳಿವಳಿಕೆ ಹಳೆಯದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೇಮ್ಸ್ ಡ ಸಿಲ್ವಾ, ಓಲಾಫುರ್ ಗುಡ್ಮುಂಡ್ಸನ್ ಮತ್ತು ಡೇನಿಯಲ್ ಮೊಸ್ಸೆ 1992ರಲ್ಲಿ ಅಮಾಂಡಾ ಎಂಬ ತಂತ್ರಾಂಶದ ಕಾರ್ಯಕ್ಷಮತೆಯ ಬಗ್ಗೆ ಬರೆದ ಪ್ರಬಂಧದಲ್ಲೇ ಪರಿಹಾರದ ತಿರುಳಿದೆ: ಹಲವು ಯಂತ್ರಗಳ ಬ್ಯಾಕಪ್‌ಗಳನ್ನು ಏಕಕಾಲದಲ್ಲಿ ಒಂದು ಡಿಸ್ಕಿಗೆ ಇಳಿಸಿಕೊಳ್ಳಿ, ಅಲ್ಲಿಂದ ಟೇಪಿಗೆ ಒಂದೇ ಓಟದಲ್ಲಿ ಬರೆಯಿರಿ. ಇಂದು ಸ್ಪೂಲಿಂಗ್ ಎಂದು ಕರೆಯುವುದು ಇದನ್ನೇ. 1999ರಲ್ಲಿ ನಾರ್ಮನ್ ಹಚಿನ್ಸನ್ ಮತ್ತು ಸಂಗಡಿಗರು ಫೈಲ್‌ಗಳನ್ನು ಒಂದೊಂದಾಗಿ ಓದುವ ಬ್ಯಾಕಪ್‌ಗೂ ಡಿಸ್ಕಿನ ಬ್ಲಾಕುಗಳನ್ನು ನೇರವಾಗಿ ಓದುವ ಬ್ಯಾಕಪ್‌ಗೂ ಇರುವ ವ್ಯತ್ಯಾಸವನ್ನು ತೋರಿಸಿ, ಟೇಪಿಗೆ ಸಾಕಷ್ಟು ಮೇವು ಒದಗಿಸುವ ವಿಷಯದಲ್ಲಿ ಎರಡನೆಯದು ಮೇಲು ಎಂದರು. ವಾಣಿಜ್ಯ ತಂತ್ರಾಂಶಗಳು ಮಲ್ಟಿಪ್ಲೆಕ್ಸಿಂಗ್ ಎಂಬ ಮೂರನೆಯ ದಾರಿ ಹಿಡಿದವು: ಹಲವು ಯಂತ್ರಗಳ ಹರಿವನ್ನು ಹೆಣೆದು ಒಂದೇ ಟೇಪಿಗೆ ಬರೆಯುವುದು. ಇದರಿಂದ ಬರೆಯುವುದು ಬೇಗವಾದರೂ ಒಬ್ಬರ ದತ್ತಾಂಶ ಮರಳಿ ಬೇಕೆಂದಾಗ ಎಲ್ಲರದನ್ನೂ ದಾಟಿಕೊಂಡು ಓದಬೇಕಾಗುತ್ತದೆ.

ಈ ಮೂರೂ ವಿಚಾರಗಳು ದತ್ತಾಂಶ ಹೊರಡುವ ಕಡೆಗೆ ಸಂಬಂಧಿಸಿದವು. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಮೇವು ಸಾಲದ ಡ್ರೈವ್‌ಗೆ ಬೇರೆ ಯಾವ ಚಿಕಿತ್ಸೆಯೂ ಫಲಿಸದು. ತಕರಾರು ಇರುವುದು ಮೇವು ಸಾಕಾದ ನಂತರದ ಹಂತದಲ್ಲಿ.

3. ಡ್ರೈವ್‌ನ ಒಳಗೆ

ವಾದಕ್ಕೆ ಮುನ್ನ ಡ್ರೈವ್‌ನೊಳಗೆ ಆಗುವುದನ್ನು ಹತ್ತಿರದಿಂದ ನೋಡಬೇಕು. ಎಲ್‌ಟಿಒ-8 ಕಾರ್ಟ್ರಿಜ್‌ನಲ್ಲಿ 960 ಮೀಟರ್ ಟೇಪ್ ಇರುತ್ತದೆ. ಅಗಲ ಅರ್ಧ ಇಂಚು. ಅದರ ಮೇಲಿನ 6,656 ಟ್ರ್ಯಾಕುಗಳನ್ನು 32ರ ತಂಡಗಳಾಗಿ ಬರೆಯಲಾಗುತ್ತದೆ. ಆದ್ದರಿಂದ ಡ್ರೈವ್ ಟೇಪಿನ ಈ ತುದಿಯಿಂದ ಆ ತುದಿಗೆ 208 ಬಾರಿ ಓಡಿದರೆ 12 ಟಿಬಿ ತುಂಬುತ್ತದೆ. ಒಂದು ಓಟಕ್ಕೆ ಸುಮಾರು 57.7 ಜಿಬಿ. ಸೆಕೆಂಡಿಗೆ 360 ಎಂಬಿ ವೇಗದಲ್ಲಿ ಆ ಓಟ 160 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಂದರೆ ಟೇಪ್ ಡ್ರೈವ್‌ನ ಓದು-ಬರಹದ ತಲೆಯ ಮೇಲೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ, ಜೋರಾಗಿ ತುಳಿದ ಸೈಕಲ್ಲಿನ ವೇಗದಲ್ಲಿ, ಸಾಗುತ್ತಿರುತ್ತದೆ.

ಹೀಗೆ ಓಡುತ್ತಿರುವ ಟೇಪನ್ನು ಇದ್ದಲ್ಲೇ ನಿಲ್ಲಿಸಲು ಬಾರದು. ಬರೆಯಲು ದತ್ತಾಂಶ ಮುಗಿದರೆ ಡ್ರೈವ್ ವೇಗ ತಗ್ಗಿಸಿ, ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಮುಂದಕ್ಕೆ ಓಡಿ ವೇಗ ಪಡೆದುಕೊಂಡು, ಬಿಟ್ಟ ಜಾಗಕ್ಕೆ ಸರಿಯಾಗಿ ಬಂದು ಬರಹ ಮುಂದುವರಿಸಬೇಕು. ಇದು ಬ್ಯಾಕ್‌ಹಿಚ್. ಇದೇ ಪದೇ ಪದೇ ಆದರೆ ಶೂ ಶೈನಿಂಗ್ ಎನ್ನುತ್ತಾರೆ. ಬೂಟಿಗೆ ಪಾಲಿಶ್ ಹಾಕುವವರ ಕೈಯ ಬಟ್ಟೆಯಂತೆ ಟೇಪ್ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಒಂದು ಬ್ಯಾಕ್‌ಹಿಚ್‌ಗೆ ಕೆಲವು ಸೆಕೆಂಡು ಹಿಡಿಯುತ್ತದೆ. ಮುಂದಿನ ಲೆಕ್ಕಗಳಿಗೆ ನಾನು 3 ಸೆಕೆಂಡು ಎಂದು ಹಿಡಿದಿದ್ದೇನೆ. ಇದು ಅಂದಾಜು. ಓದುಗರು ತಮ್ಮ ಡ್ರೈವ್‌ಗೆ ಇದನ್ನು ತಾವೇ ಅಳೆದುಕೊಳ್ಳುವ ಬಗೆಯನ್ನು ಐದನೆಯ ಭಾಗದಲ್ಲಿ ಕೊಟ್ಟಿದ್ದೇನೆ.

ಬ್ಯಾಕ್‌ಹಿಚ್ ಆದಾಗಲೆಲ್ಲ ಬ್ಯಾಕಪ್ ನಿಧಾನವಾಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಡ್ರೈವ್‌ನಲ್ಲಿ ಬಫರ್ ಇದೆ. ಎಲ್‌ಟಿಒ-8ರಲ್ಲಿ ಸುಮಾರು 1 ಜಿಬಿ. ಬರುವ ಹರಿವಿಗೆ ತಕ್ಕಂತೆ ಟೇಪಿನ ವೇಗವನ್ನು ಗರಿಷ್ಠದ ಸುಮಾರು ಮೂರನೇ ಒಂದು ಭಾಗದವರೆಗೆ ತಗ್ಗಿಸಿಕೊಳ್ಳುವ ಶಕ್ತಿಯೂ ಇದೆ. ಮೂಲದಿಂದ ಸೆಕೆಂಡಿಗೆ ಬರೀ 60 ಎಂಬಿ ಬರುತ್ತಿದೆ, ಡ್ರೈವ್‌ನ ಕನಿಷ್ಠ ವೇಗ 112 ಎಂಬಿ ಎಂದಿಟ್ಟುಕೊಳ್ಳೋಣ. ಬಫರ್ ತುಂಬಿದಾಗ ಡ್ರೈವ್ ಓಡಲು ಶುರುಮಾಡುತ್ತದೆ, ಸುಮಾರು 2.15 ಜಿಬಿ ಬರೆದು ಬಫರ್ ಬರಿದಾದಾಗ ನಿಲ್ಲುತ್ತದೆ. ಹಿಂದಕ್ಕೆ ಸುತ್ತುವ ಆ 3 ಸೆಕೆಂಡಿನಲ್ಲಿ ಬರುವ 180 ಎಂಬಿ ನಿರಾತಂಕವಾಗಿ ಬಫರಿಗೆ ಸೇರುತ್ತದೆ. ತಂತ್ರಾಂಶಕ್ಕೆ ಇದರ ಸುಳಿವೇ ಸಿಗುವುದಿಲ್ಲ. ಅದರ ವರದಿಯಲ್ಲಿ ಸೆಕೆಂಡಿಗೆ 60 ಎಂಬಿ ಎಂದೇ ಇರುತ್ತದೆ. ಆದರೆ ಒಂದು ಟೇಪ್ ತುಂಬುವಷ್ಟರಲ್ಲಿ ಅದು 5,500ಕ್ಕೂ ಹೆಚ್ಚು ಬಾರಿ ಹಿಂದೆ ಮುಂದೆ ಆಗಿರುತ್ತದೆ. ಅದರ ಸವೆತವನ್ನು ತಲೆ ಮತ್ತು ಟೇಪ್ ಹೊರುತ್ತವೆ.

ಈ ಮಾತನ್ನು ನಾನು ಮೊದಲು ಅರಿತದ್ದು ಕಿವಿಯಿಂದ. ಒಂದು ಸಂಸ್ಥೆಯ ಯಂತ್ರಕೋಣೆಯಲ್ಲಿ ಟೇಪ್ ಲೈಬ್ರರಿಯ ಪಕ್ಕ ನಿಂತಿದ್ದೆ. ಪರದೆಯ ಮೇಲೆ ಬ್ಯಾಕಪ್ ಸರಾಗವಾಗಿ ಸಾಗುತ್ತಿತ್ತು, ಅಂಕಿಗಳಲ್ಲಿ ಏರಿಳಿತವೇ ಇರಲಿಲ್ಲ. ಆದರೆ ಡ್ರೈವ್‌ನಿಂದ ಒಂದೇ ಸಮನೆ ಮೊರೆವ ಸದ್ದು ಬರುವ ಬದಲು ಏರುತ್ತ, ತಟಕ್ಕನೆ ಇಳಿಯುತ್ತ, ಒಂದು ಕ್ಷಣ ಮೌನವಾಗಿ, ಮತ್ತೆ ಏರುತ್ತಿತ್ತು. ಅಂಕಿಗಳು ಸರಾಸರಿಯನ್ನು ಹೇಳುತ್ತಿದ್ದವು, ಸದ್ದು ನಡೆಯುತ್ತಿದ್ದುದನ್ನು ಹೇಳುತ್ತಿತ್ತು. ವರದಿಯಲ್ಲಿ ಕಾಣದ ನಿಲುಗಡೆಗಳಿವೆ ಎಂಬ ಈ ಅಂಶವೇ ಮುಂದಿನ ವಾದದ ತಳಹದಿ.

4. ವಿವಾದಿತ ಅಂಶ: ಯಾವ ಮಿತಿ ಮೊದಲು ಎದುರಾಗುತ್ತದೆ?

ಫೈಲ್ ಮಾರ್ಕ್ ಎಂದರೆ ಟೇಪಿನ ಮೇಲೆ ಒಂದು ಭಾಗ ಮುಗಿಯಿತು ಎಂದು ಹಾಕುವ ಗುರುತು. ಬಕೂಲಾದಲ್ಲಿ ಈ ಗುರುತು ಎಷ್ಟು ದತ್ತಾಂಶಕ್ಕೊಮ್ಮೆ ಬೀಳಬೇಕು ಎಂಬುದನ್ನು 'ಮ್ಯಾಕ್ಸಿಮಮ್ ಫೈಲ್ ಸೈಜ್' ಎಂಬ ಸೂಚನೆ ನಿರ್ಧರಿಸುತ್ತದೆ. ಡಿಫಾಲ್ಟ್ 1 ಜಿಬಿ. 'ಮ್ಯಾಕ್ಸಿಮಮ್ ಬ್ಲಾಕ್ ಸೈಜ್' ಡಿಫಾಲ್ಟ್ ಆಗಿ 64,512 ಬೈಟ್. ಎರಡು ಸೂಚನೆಗಳೂ ಒಂದೇ ಕಡತದಲ್ಲಿ, ಅಕ್ಕಪಕ್ಕದ ಸಾಲುಗಳಲ್ಲಿ ಇರಬಹುದು. ಆದರೂ ಬದಲಾಯಿಸುವವರ ಕೈ ಹೋಗುವುದು ಸಾಮಾನ್ಯವಾಗಿ ಎರಡನೆಯದಕ್ಕೆ.

ಮಾರ್ಕ್ ಹಾಕು ಎಂಬ ಆಜ್ಞೆ ಸಾಮಾನ್ಯ ರೂಪದಲ್ಲಿ ಬಂದಾಗ ಡ್ರೈವ್ ಬಫರಿನಲ್ಲಿರುವುದನ್ನೆಲ್ಲ ಟೇಪಿಗೆ ಇಳಿಸಿ, ಮಾರ್ಕನ್ನೂ ಬರೆದ ಮೇಲೆಯೇ 'ಆಯಿತು' ಎನ್ನುತ್ತದೆ. ಅಲ್ಲಿಯವರೆಗೆ ತಂತ್ರಾಂಶ ಕಾಯುತ್ತದೆ, ಹೊಸ ದತ್ತಾಂಶ ಕಳಿಸುವುದಿಲ್ಲ. ಬಫರ್ ಬರಿದು, ಬರೆಯಲು ಏನೂ ಇಲ್ಲ. ಆದ್ದರಿಂದ ಪ್ರತಿ ಮಾರ್ಕಿನ ಬೆನ್ನಿಗೆ ಒಂದು ಬ್ಯಾಕ್‌ಹಿಚ್ ಕಾದಿರುತ್ತದೆ. ಮೂಲ ಎಷ್ಟೇ ವೇಗದ್ದಾಗಿದ್ದರೂ, ಮಾರ್ಕುಗಳ ನಡುವಿನ ಒಂದು ಭಾಗಕ್ಕೆ ಹಿಡಿಯುವ ಕಾಲ ಹೀಗಿರುತ್ತದೆ:

ಭಾಗದ ಕಾಲ = (ಭಾಗದ ಗಾತ್ರ ÷ ಡ್ರೈವ್‌ನ ವೇಗ) + ನಿಲುಗಡೆಯ ಕಾಲ

ಇದರಿಂದ ಸಿಗುವ ಸರಾಸರಿ ವೇಗವನ್ನು 'ಮಾರ್ಕಿನ ಮಿತಿ' ಎಂದು ಕರೆಯುತ್ತೇನೆ. 1 ಜಿಬಿಗೊಂದು ಮಾರ್ಕ್ ಬಿದ್ದಾಗ, ನಿಲುಗಡೆ 3 ಸೆಕೆಂಡು ಎಂದುಕೊಂಡರೆ, ಎಲ್‌ಟಿಒ ತಲೆಮಾರುಗಳಲ್ಲಿ ಆ ಮಿತಿ ಹೀಗೆ ಸಾಗಿದೆ:

| ತಲೆಮಾರು | ಡ್ರೈವ್‌ನ ವೇಗ (ಎಂಬಿ/ಸೆ.) | ಮಾರ್ಕಿನ ಮಿತಿ (ಎಂಬಿ/ಸೆ.) | ದಕ್ಷತೆ |
|---|---|---|---|
| ಎಲ್‌ಟಿಒ-1 | 20 | 19 | ಶೇ. 94 |
| ಎಲ್‌ಟಿಒ-3 | 80 | 65 | ಶೇ. 81 |
| ಎಲ್‌ಟಿಒ-5 | 140 | 99 | ಶೇ. 70 |
| ಎಲ್‌ಟಿಒ-7 | 300 | 158 | ಶೇ. 53 |
| ಎಲ್‌ಟಿಒ-8 | 360 | 173 | ಶೇ. 48 |
| ಎಲ್‌ಟಿಒ-9 | 400 | 182 | ಶೇ. 45 |

2000ದಲ್ಲಿ ಬಂದ ಎಲ್‌ಟಿಒ-1ರಿಂದ 2021ರ ಎಲ್‌ಟಿಒ-9ರವರೆಗೆ ಡ್ರೈವ್‌ನ ವೇಗ 20 ಪಟ್ಟಾಗಿದೆ. 1 ಜಿಬಿಯ ಡಿಫಾಲ್ಟನ್ನು ಮುಟ್ಟದೆ ಬಿಟ್ಟವರಿಗೆ ಅದರಲ್ಲಿ ದಕ್ಕುವುದು ಹತ್ತು ಪಟ್ಟಿಗೂ ಕಡಿಮೆ. ಎಲ್‌ಟಿಒ-8ರ ಒಂದು ಟೇಪಿಗೆ ಈ ಲೆಕ್ಕ ಹಾಕಿದರೆ ನಷ್ಟ ಇನ್ನೂ ಸ್ಪಷ್ಟ. ನಿಲ್ಲದೆ ಓಡಿದರೆ 12 ಟಿಬಿ ಬರೆಯಲು 9 ಗಂಟೆ 16 ನಿಮಿಷ ಸಾಕು. 1 ಜಿಬಿಗೊಂದರಂತೆ 12,000 ಮಾರ್ಕು ಬಿದ್ದರೆ ನಿಲುಗಡೆಗಳಿಗೇ 36,000 ಸೆಕೆಂಡು, ಅಂದರೆ 10 ಗಂಟೆ ಹೋಗುತ್ತದೆ. ರಾತ್ರಿ ಶುರುವಾದ ಬ್ಯಾಕಪ್ ಬೆಳಗಿಗೆ ಮುಗಿಯುವ ಬದಲು ಮರುದಿನ ಸಂಜೆವರೆಗೂ ಎಳೆಯುತ್ತದೆ.

ಈಗ ಬ್ಲಾಕಿನ ಗಾತ್ರದ ಕಡೆ ತಿರುಗೋಣ. ಲಿನಕ್ಸ್‌ನಲ್ಲಿ ಗಾತ್ರ ಬದಲಾಗಬಲ್ಲ ಬ್ಲಾಕುಗಳನ್ನು ಬರೆಯುವಾಗ ಒಂದು ಬ್ಲಾಕು ಒಂದು ಸ್ಕಸಿ ಆಜ್ಞೆಯಾಗುತ್ತದೆ. 64,512 ಬೈಟ್‌ನ ಬ್ಲಾಕುಗಳಲ್ಲಿ ಸೆಕೆಂಡಿಗೆ 360 ಎಂಬಿ ಬರೆಯಬೇಕಾದರೆ ಸೆಕೆಂಡಿಗೆ ಸುಮಾರು 5,580 ಆಜ್ಞೆಗಳು ಬೇಕು. ಒಂದೊಂದಕ್ಕೆ 179 ಮೈಕ್ರೊಸೆಕೆಂಡು ಮಾತ್ರ ಸಿಗುತ್ತದೆ. ಸೆಕೆಂಡಿಗೆ 6 ಗಿಗಾಬಿಟ್‌ನ ಸ್ಯಾಸ್ ಕೊಂಡಿಯಲ್ಲಿ ಆ ಬ್ಲಾಕು ಸಾಗಲು, ಸೈದ್ಧಾಂತಿಕ ವೇಗದಲ್ಲೇ, 107.5 ಮೈಕ್ರೊಸೆಕೆಂಡು ಹಿಡಿಯುತ್ತದೆ. ಉಳಿದ 72 ಮೈಕ್ರೊಸೆಕೆಂಡಿನಲ್ಲಿ ಆಜ್ಞೆ ಸಿದ್ಧಪಡಿಸಿ, ಕಳಿಸಿ, ಉತ್ತರ ಪಡೆದು, ಮುಂದಿನ ಬ್ಲಾಕನ್ನು ಅಣಿಮಾಡಬೇಕು. ಎಲ್‌ಟಿಒ-3ರ ಕಾಲದಲ್ಲಿ ಒಂದು ಬ್ಲಾಕಿಗೆ ಒಟ್ಟು 800 ಮೈಕ್ರೊಸೆಕೆಂಡಿಗೂ ಹೆಚ್ಚು ಕಾಲ ಸಿಗುತ್ತಿತ್ತು. ಆಗ ನಿರಪಾಯವಾಗಿದ್ದ ಚಿಕ್ಕ ಬ್ಲಾಕು ಈಗ ತೊಡಕಾಗಬಲ್ಲದು. ಬ್ಲಾಕ್ ಹಿಗ್ಗಿಸಿ ಎನ್ನುವವರ ಮಾತಿನಲ್ಲಿ ಇಷ್ಟು ಸತ್ಯವಿದೆ, ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಯಾವ ಮಿತಿ ಮೊದಲು ಎದುರಾಗುತ್ತದೆ ಎಂಬುದೇ ಪ್ರಶ್ನೆ. ಕೊನೆಗೆ ದಕ್ಕುವ ವೇಗ ಮೂರರಲ್ಲಿ ಅತಿ ಚಿಕ್ಕದಕ್ಕೆ ಸಮ: ಮೂಲ ಕಳಿಸುವ ವೇಗ, ಬ್ಲಾಕಿನ ಗಾತ್ರದಿಂದ ಬರುವ ಮಿತಿ (ಬ್ಲಾಕಿನ ಮಿತಿ), ಮಾರ್ಕಿನ ಮಿತಿ. ಎಲ್‌ಟಿಒ-8ರಲ್ಲಿ 1 ಜಿಬಿ ಮಾರ್ಕುಗಳಿರುವಾಗ ಮಾರ್ಕಿನ ಮಿತಿ 173 ಎಂಬಿ. ಬ್ಲಾಕಿನ ಮಿತಿ ಅದಕ್ಕಿಂತ ಕೆಳಗಿಳಿಯಬೇಕಾದರೆ ಒಂದು ಬ್ಲಾಕಿಗೆ ಒಟ್ಟು 373 ಮೈಕ್ರೊಸೆಕೆಂಡು ಮೀರಬೇಕು. ಅಂದರೆ ಕೊಂಡಿಯಲ್ಲಿ ಸಾಗುವ ಕಾಲ ಬಿಟ್ಟು, ಆಜ್ಞೆಯ ಬಾಬತ್ತಿನಲ್ಲೇ ಸುಮಾರು 265 ಮೈಕ್ರೊಸೆಕೆಂಡು ಪೋಲಾಗಬೇಕು. ಅಷ್ಟು ಪೋಲಾಗದ ಯಂತ್ರದಲ್ಲಿ ಬ್ಲಾಕನ್ನು 64 ಕೆಬಿಯಿಂದ 256 ಕೆಬಿಗೆ, 1 ಎಂಬಿಗೆ ಏರಿಸಿದರೂ ಸರಾಸರಿ ವೇಗ 173 ಎಂಬಿಯನ್ನು ದಾಟದು. ಊರೂರಿಗೂ ನಿಲ್ಲುವ ಬಸ್ಸಿಗೆ ಅಗಲವಾದ ಬಾಗಿಲು ಮಾಡಿಸಿದಂತೆ: ಹತ್ತುವುದು ಇಳಿಯುವುದು ಸಲೀಸಾಗುತ್ತದೆ, ಬಸ್ಸು ನಿಲ್ಲುವ ಊರುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ.

ಹಾಗಾದರೆ ಇಷ್ಟು ದೊಡ್ಡ ನಷ್ಟ ಎಷ್ಟೋ ಜನರ ಕಣ್ಣಿಗೆ ಬೀಳಲಿಲ್ಲವೇಕೆ? ಉತ್ತರ ಮೂರನೆಯ ಭಾಗದಲ್ಲೇ ಇದೆ. ಮೂಲದ ವೇಗ ಮಾರ್ಕಿನ ಮಿತಿಗಿಂತ ಕಡಿಮೆ ಇದ್ದರೆ ಮಾರ್ಕಿನ ನಿಲುಗಡೆಯೂ ಬಫರ್ ತುಂಬುವ ಕಾಲದಲ್ಲೇ ಅಡಗಿಹೋಗುತ್ತದೆ. 1 ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 125 ಎಂಬಿಗಿಂತ ಹೆಚ್ಚು ಬರಲು ಸಾಧ್ಯವೇ ಇಲ್ಲ. ಅಂಥ ಜಾಲದ ಮೂಲಕ ಎಲ್‌ಟಿಒ-8ಕ್ಕೆ ಬರೆಯುವವರು ಮಾರ್ಕಿನ ಅಂತರವನ್ನು 1 ಜಿಬಿಯಿಂದ 20 ಜಿಬಿಗೆ ಏರಿಸಿ ನೋಡಿದರೂ ವ್ಯತ್ಯಾಸ ಕಾಣದು. ಅವರು 'ಮಾರ್ಕಿನಿಂದ ಏನೂ ಆಗದು' ಎಂದು ತೀರ್ಮಾನಿಸಿದರೆ ಅವರ ಅಳತೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ತೀರ್ಮಾನವನ್ನು 10 ಗಿಗಾಬಿಟ್ ಜಾಲಕ್ಕೂ ಎಸ್‌ಎಸ್‌ಡಿ ಸ್ಪೂಲಿಗೂ ಹೊತ್ತು ತಂದಾಗ. ಮೂಲವನ್ನು ಸರಿಪಡಿಸಿಕೊಂಡವರಿಗೆ ಮಾತ್ರ ಮಾರ್ಕಿನ ಮಿತಿ ಎದುರಾಗುತ್ತದೆ. ಆ ಹೊತ್ತಿಗೆ ಮಾರ್ಕಿನ ಮೇಲಿನ ಅನುಮಾನ ಕಳೆದುಹೋಗಿರುತ್ತದೆ.

ಬಕೂಲಾ ಕೈಪಿಡಿಗೆ ನ್ಯಾಯ ಸಲ್ಲಬೇಕು. ಎಲ್‌ಟಿಒ-3 ಅಥವಾ 4 ಇದ್ದರೆ ಮಾರ್ಕ್ ಬರೆಯಲು ಡ್ರೈವ್ ನಿಲ್ಲುವುದನ್ನು ತಪ್ಪಿಸಲು ಈ ಗಾತ್ರವನ್ನು 2 ಜಿಬಿಗೆ ಏರಿಸಬಹುದು ಎಂಬ ಅರ್ಥದ ಸೂಚನೆ ಅದರಲ್ಲಿದೆ. ಕಾರಣವನ್ನು ಅದು ಸರಿಯಾಗಿಯೇ ಗುರುತಿಸಿದೆ. ಎಲ್‌ಟಿಒ-4ರ 120 ಎಂಬಿ ವೇಗಕ್ಕೆ 2 ಜಿಬಿ ಎಂದರೆ ನನ್ನ ಲೆಕ್ಕದಲ್ಲಿ ಶೇ. 85ರಷ್ಟು ದಕ್ಷತೆ, ಒಪ್ಪತಕ್ಕದ್ದೇ. ಅದೇ 2 ಜಿಬಿ ಎಲ್‌ಟಿಒ-8ರಲ್ಲಿ ಶೇ. 65ಕ್ಕೆ ಇಳಿಯುತ್ತದೆ. ಗಾತ್ರದಲ್ಲಿ ಹೇಳಿದ ಸಲಹೆ ಪ್ರತಿ ತಲೆಮಾರಿನ ಡ್ರೈವ್‌ನೊಂದಿಗೆ ಹಳತಾಗುತ್ತ ಹೋಗುತ್ತದೆ.

ಕಾಲದಲ್ಲಿ ಹೇಳಿದ ಸಲಹೆ ಹಾಗಾಗದು. ಶೇ. 95ರಷ್ಟು ದಕ್ಷತೆ ಬೇಕಾದರೆ ಬರೆಯುವ ಕಾಲ ನಿಲುಗಡೆಯ ಕಾಲದ 19 ಪಟ್ಟು ಇರಬೇಕು. ನಿಲುಗಡೆ 3 ಸೆಕೆಂಡಾದರೆ 57 ಸೆಕೆಂಡು, ಸುಮಾರು ಒಂದು ನಿಮಿಷ. ಆದ್ದರಿಂದ ಎರಡು ಮಾರ್ಕುಗಳ ನಡುವೆ ಡ್ರೈವ್‌ನ ಒಂದು ನಿಮಿಷದ ಓಟಕ್ಕೆ ಸಾಕಾಗುವಷ್ಟು ದತ್ತಾಂಶ ಇರಲಿ ಎಂಬ ನಿಯಮವನ್ನು ಮುಂದಿಡುತ್ತೇನೆ. ಎಲ್‌ಟಿಒ-8ಕ್ಕೆ ಅದು ಸುಮಾರು 20 ಜಿಬಿ, ಎಲ್‌ಟಿಒ-9ಕ್ಕೆ ಸುಮಾರು 23 ಜಿಬಿ. ಎಲ್‌ಟಿಒ-1ಕ್ಕೆ? 1.1 ಜಿಬಿ. ಬಕೂಲಾದ 1 ಜಿಬಿಯ ಡಿಫಾಲ್ಟ್ ಎಲ್‌ಟಿಒ-1ಕ್ಕೆ ಹೆಚ್ಚು ಕಡಿಮೆ ಸರಿಯಾಗಿ ಹೊಂದುವ ಅಂತರವಾಗಿತ್ತು. ಅದನ್ನು ಆಯ್ದವರು ತಪ್ಪು ಮಾಡಿರಲಿಲ್ಲ. ಡ್ರೈವ್ ವೇಗ ಪಡೆದುಕೊಂಡಿತು, ಅಂಕಿ ಅಲ್ಲೇ ಉಳಿಯಿತು.

5. ಇನ್ನೊಂದು ಕ್ಷೇತ್ರದ ಸಾಕ್ಷ್ಯ ಮತ್ತು ಪರೀಕ್ಷೆಯ ಬಗೆ

ಇಷ್ಟೂ ಕಾಗದದ ಮೇಲಿನ ಲೆಕ್ಕ ಎನ್ನಬಹುದು. ಆದ್ದರಿಂದ ಬ್ಯಾಕಪ್ ಲೋಕದ ಹೊರಗಿನ ಒಂದು ಸಾಕ್ಷ್ಯವನ್ನು ಮುಂದಿಡುತ್ತೇನೆ. ಸರ್ನ್‌ನ ಕ್ಯಾಸ್ಟರ್ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಮುನ್ನ ಶಿರೋಪಟ್ಟಿ, ಕೊನೆಗೆ ಅಂತ್ಯಪಟ್ಟಿ ಇದ್ದುದರಿಂದ ಒಂದು ಫೈಲಿಗೆ ಮೂರು ಮಾರ್ಕುಗಳು ಬೀಳುತ್ತಿದ್ದವು. ಹಳೆಯ ಟೇಪುಗಳಿಂದ ಹೊಸವಕ್ಕೆ ದತ್ತಾಂಶ ಸಾಗಿಸುವಾಗ ಚಿಕ್ಕ ಫೈಲುಗಳು ಡ್ರೈವ್‌ನ ವೇಗವನ್ನು ತಿಂದುಹಾಕುತ್ತಿದ್ದವು. ಸ್ಟೀವನ್ ಮರ್ರೆ ಮತ್ತು ಸಂಗಡಿಗರು 2012ರ ಪ್ರಬಂಧದಲ್ಲಿ ಇದಕ್ಕೆ ಪರಿಹಾರ ವಿವರಿಸಿದರು: ಮಾರ್ಕನ್ನು ಬಫರಿಗೆ ಹಾಕಿ ಮುಂದುವರಿಯುವುದು, ಹಲವು ಫೈಲುಗಳಾದ ಮೇಲೆ ಒಮ್ಮೆ ಮಾತ್ರ ಎಲ್ಲವೂ ಟೇಪಿಗೆ ಇಳಿದವೇ ಎಂದು ಖಾತರಿಪಡಿಸಿಕೊಳ್ಳುವುದು. ಲಿನಕ್ಸ್‌ನ ಟೇಪ್ ಡ್ರೈವರ್‌ನಲ್ಲಿ ಹೀಗೆ ಕಾಯದೆ ಮಾರ್ಕ್ ಹಾಕುವ ಪ್ರತ್ಯೇಕ ಆಜ್ಞೆಯೇ ಈಗ ಇದೆ. ಐಬಿಎಂ ತನ್ನ 3592 ಸರಣಿಯ ಡ್ರೈವ್‌ಗಳಲ್ಲಿ, ಬಫರ್ ಬರಿದು ಮಾಡು ಎಂದಾಗಲೂ ಟೇಪನ್ನು ನಿಲ್ಲಿಸದೆ ತಾತ್ಕಾಲಿಕ ಜಾಗದಲ್ಲಿ ಬರೆದು ಆಮೇಲೆ ಒಟ್ಟುಗೂಡಿಸುವ ಉಪಾಯವನ್ನು ಅಳವಡಿಸಿತು. ಎರಡು ಕಡೆಯ ಎಂಜಿನಿಯರುಗಳೂ ಬೇರೆ ಬೇರೆ ದಾರಿಯಲ್ಲಿ ಒಂದೇ ಶತ್ರುವಿನ ಮೇಲೆ ಏರಿಹೋದರು. ಆ ಶತ್ರು ಬ್ಲಾಕಿನ ಗಾತ್ರ ಆಗಿರಲಿಲ್ಲ.

ಓದುಗರು ಇದನ್ನು ತಮ್ಮಲ್ಲೇ ಪರೀಕ್ಷಿಸಬಹುದು. ಬಕೂಲಾದ ಜೊತೆ ಬರುವ ಬಿಟೇಪ್ ಎಂಬ ಸಲಕರಣೆಯಲ್ಲಿ ವೇಗ ಅಳೆಯುವ ಆಜ್ಞೆಯಿದೆ. ಫೈಲಿನ ಗಾತ್ರ, ಫೈಲುಗಳ ಸಂಖ್ಯೆ ಎರಡನ್ನೂ ಕೊಡಬಹುದು. ಖಾಲಿ ಟೇಪಿನ ಮೇಲೆ ಮೊದಲು 1 ಜಿಬಿಯ ಫೈಲುಗಳು, ಆಮೇಲೆ 4 ಜಿಬಿಯ ಫೈಲುಗಳನ್ನು ಬರೆಸಿ, ಒಂದು ಫೈಲಿಗೆ ಹಿಡಿದ ಕಾಲ ಬರೆದಿಟ್ಟುಕೊಳ್ಳಿ. ಚಿಕ್ಕ ಫೈಲಿನ ಕಾಲವನ್ನು ನಾಲ್ಕರಿಂದ ಗುಣಿಸಿ, ಅದರಿಂದ ದೊಡ್ಡ ಫೈಲಿನ ಕಾಲವನ್ನು ಕಳೆದು, ಮೂರರಿಂದ ಭಾಗಿಸಿದರೆ ನಿಮ್ಮ ಡ್ರೈವ್‌ನ ನಿಲುಗಡೆಯ ಕಾಲ ಸಿಗುತ್ತದೆ. ಒಂದು ಎಚ್ಚರ: ಆ ಸಲಕರಣೆ ಬರೀ ಸೊನ್ನೆಗಳನ್ನೂ ಯಾದೃಚ್ಛಿಕ ದತ್ತಾಂಶವನ್ನೂ ಬರೆಯಬಲ್ಲದು. ಸೊನ್ನೆಗಳನ್ನು ಡ್ರೈವ್ ಹಿಂಡಿ ಚಿಕ್ಕದು ಮಾಡುವುದರಿಂದ ಆ ಅಂಕಿ ಡ್ರೈವ್‌ನ ನಿಜವಾದ ವೇಗವನ್ನು ತೋರಿಸದು. ಯಾದೃಚ್ಛಿಕ ದತ್ತಾಂಶದ ಅಂಕಿಯನ್ನೇ ನಂಬಿ.

6. ಷರತ್ತುಗಳು ಮತ್ತು ಆಕ್ಷೇಪಗಳು

ನನ್ನ ವಾದದ ಅತಿ ದಿಟ್ಟ ಭಾಗ, ಮಾರ್ಕಿನ ಮಿತಿಯೇ ಮೊದಲು ಎದುರಾಗುತ್ತದೆ ಎಂಬುದು, ಕೆಲವು ಎಲ್ಲೆಗಳೊಳಗೆ ಮಾತ್ರ ನಿಲ್ಲುತ್ತದೆ.

ಮೊದಲನೆಯದು ನಿಲುಗಡೆಯ ಕಾಲ. ಅದು 3ರ ಬದಲು ಒಂದೂವರೆ ಸೆಕೆಂಡಾದರೆ ಎಲ್‌ಟಿಒ-8ರ ಮಾರ್ಕಿನ ಮಿತಿ 234 ಎಂಬಿಗೆ ಏರುತ್ತದೆ. ಆಗ ಒಂದು ಆಜ್ಞೆಗೆ 168 ಮೈಕ್ರೊಸೆಕೆಂಡು ಪೋಲಾದರೂ ಸಾಕು, ಬ್ಲಾಕಿನ ಗಾತ್ರವೇ ಮೊದಲ ಅಡ್ಡಿಯಾಗುತ್ತದೆ. ಎರಡನೆಯದು ತಂತ್ರಾಂಶ. ನೆಟ್‌ಬ್ಯಾಕಪ್‌ನಲ್ಲಿ ಮಾರ್ಕು ಬೀಳುವುದು ಫ್ರಾಗ್ಮೆಂಟ್ (ಬ್ಯಾಕಪ್‌ನ ಒಂದು ತುಂಡು) ಮುಗಿದಾಗ, ಫ್ರಾಗ್ಮೆಂಟ್ ಸುಮಾರು 1 ಟಿಬಿಯವರೆಗೂ ಇರಬಹುದು. ಅಲ್ಲಿ ದೊಡ್ಡ ಬ್ಯಾಕಪ್‌ಗಳ ಮಟ್ಟಿಗೆ ಮಾರ್ಕಿನ ತೊಡಕೇ ಇಲ್ಲ, ತಂತ್ರಾಂಶದ ಬಫರ್ (ಅಲ್ಲಿ ಬ್ಲಾಕಿನ ಗಾತ್ರವೂ ಅದೇ) ಹಿಗ್ಗಿಸಿ ಎಂಬ ಸಲಹೆ ಅಲ್ಲಿ ಸರಿಯಾದದ್ದೇ. ಅಲ್ಲಿನ ದಾಖಲೆಯಲ್ಲಿ ಬರೆಯುವ ಪ್ರಕ್ರಿಯೆ ತುಂಬಿದ ಬಫರಿಗಾಗಿ ಎಷ್ಟು ಬಾರಿ ಕಾಯಿತು, ಕಳಿಸುವ ಪ್ರಕ್ರಿಯೆ ಖಾಲಿ ಬಫರಿಗಾಗಿ ಎಷ್ಟು ಬಾರಿ ಕಾಯಿತು ಎಂಬ ಎರಡು ಎಣಿಕೆಗಳಿರುತ್ತವೆ. ಮೊದಲನೆಯದು ದೊಡ್ಡದಾದರೆ ಮೂಲ ನಿಧಾನ, ಎರಡನೆಯದು ದೊಡ್ಡದಾದರೆ ಟೇಪಿನ ಕಡೆ ನಿಧಾನ. ರೋಗ ಎಲ್ಲಿದೆ ಎಂದು ತಿಳಿಯದೆ ಮದ್ದು ಕೊಡಬೇಡಿ ಎಂಬುದಕ್ಕೆ ಇದು ಮಾದರಿ. ಮೂರನೆಯದು, ಕಾಯದೆ ಮಾರ್ಕ್ ಹಾಕುವ ಆಜ್ಞೆ ಬಳಸುವ ತಂತ್ರಾಂಶಕ್ಕೆ ಈ ಲೆಕ್ಕ ಅನ್ವಯಿಸದು.

ದತ್ತಾಂಶ ಹಿಂಡಿದಾಗ ನನ್ನ ವಾದ ದುರ್ಬಲವಾಗುತ್ತದೆಂದು ಭಾವಿಸಬಹುದು. ಆಗುವುದು ಬೇರೆ. ಎರಡಕ್ಕೆ ಒಂದರಂತೆ ಹಿಂಡಿದರೆ 1 ಜಿಬಿಯ ಭಾಗ ಟೇಪಿನ ಮೇಲೆ ಅರ್ಧ ಜಿಬಿಯಾಗಿ 1.4 ಸೆಕೆಂಡಿನಲ್ಲಿ ಮುಗಿಯುತ್ತದೆ, ನಿಲುಗಡೆ ಮಾತ್ರ ಹಾಗೇ ಇರುತ್ತದೆ. ಸೆಕೆಂಡಿಗೆ 720 ಎಂಬಿ ನುಂಗಬಲ್ಲ ಡ್ರೈವ್ 228 ಎಂಬಿಗೆ ನಿಂತು, ದಕ್ಷತೆ ಶೇ. 32ಕ್ಕೆ ಬೀಳುತ್ತದೆ.

ಗಂಭೀರವಾದ ಆಕ್ಷೇಪ ಮರುಸ್ಥಾಪನೆಯದು. ಬಕೂಲಾ ಪ್ರತಿ ಮಾರ್ಕಿನ ಬಳಿ ತನ್ನ ದತ್ತಸಂಚಯದಲ್ಲಿ ಒಂದು ದಾಖಲೆ ಬರೆದಿಡುತ್ತದೆ. ಒಂದೇ ಒಂದು ಕಡತ ಮರಳಿ ಬೇಕಾದಾಗ ನೇರವಾಗಿ ಆ ಜಾಗಕ್ಕೆ ಹೋಗಲು ಇದೇ ದಾರಿಗಲ್ಲು. ಅಂತರ ಹೆಚ್ಚಿದಷ್ಟೂ ದಾರಿಗಲ್ಲುಗಳು ವಿರಳ. ಭಾಗದ ಆರಂಭದಿಂದ ಓದುತ್ತ ಹೋಗಬೇಕಾದರೆ ಸರಾಸರಿ ಅರ್ಧ ಭಾಗ ಓದಬೇಕಾಗುತ್ತದೆ. 20 ಜಿಬಿ ಅಂತರದಲ್ಲಿ ಅದು 10 ಜಿಬಿ, ಅಂದರೆ ಸುಮಾರು 28 ಸೆಕೆಂಡು. 50 ಜಿಬಿಯಲ್ಲಿ 69 ಸೆಕೆಂಡು. ಟೇಪಿನಲ್ಲಿ ಒಂದು ಜಾಗ ಹುಡುಕಿ ತಲುಪಲು ಹೇಗೂ ಒಂದು ನಿಮಿಷದ ಆಸುಪಾಸು ಹಿಡಿಯುವಾಗ 28 ಸೆಕೆಂಡಿನ ಬೆಲೆ ಸಹ್ಯ. ಅತ್ತ ಬರೆಯುವ ಕಡೆ 20ರಿಂದ 50 ಜಿಬಿಗೆ ಏರಿಸಿದರೆ ದಕ್ಷತೆ ಶೇ. 95ರಿಂದ 98ಕ್ಕೆ ಮಾತ್ರ ಏರುತ್ತದೆ. ಒಂದು ನಿಮಿಷದ ಅಂತರಕ್ಕೆ ನಾನು ನಿಲ್ಲುವುದು ಈ ಎರಡೂ ಕಾರಣಗಳಿಂದ. ಬ್ಯಾಕಪ್ ಮಾಡುವುದೇ ಮರಳಿ ಪಡೆಯಲು. ಬರೆಯುವ ವೇಗವೊಂದನ್ನೇ ನೋಡಿ ಅಂಕಿ ಏರಿಸುವುದು ಅಪಾಯ.

ಇದೇ ದೃಷ್ಟಿಯಿಂದ ಎರಡು ಬದಲಾವಣೆಗಳ ಅಪಾಯವನ್ನೂ ಹೋಲಿಸಬೇಕು. ಮಾರ್ಕಿನ ಅಂತರ ಬದಲಾಯಿಸಿದರೆ ಹಳೆಯ ಟೇಪುಗಳು ಮೊದಲಿನಂತೆಯೇ ಓದಲು ಬರುತ್ತವೆ. ಬ್ಲಾಕಿನ ಗಾತ್ರ ಬದಲಾಯಿಸಿದಾಗ ಹಳೆಯ ಟೇಪಿನ ಲೇಬಲ್ ಓದುವಲ್ಲೇ ತೊಡಕಾಗಬಲ್ಲದು. ಬಕೂಲಾದಿಂದ ಕವಲೊಡೆದ ಬೇರಿಯೋಸ್ 14.2ನೇ ಆವೃತ್ತಿಯಲ್ಲಿ ಲೇಬಲಿಗೆಂದೇ ಪ್ರತ್ಯೇಕ ಬ್ಲಾಕ್ ಗಾತ್ರ ಗೊತ್ತುಮಾಡಿದ್ದು ಈ ತೊಡಕಿಗೆ ಉತ್ತರವಾಗಿ. ಅಲ್ಪ ಅಪಾಯದ, ಹೆಚ್ಚು ಫಲದ ಬದಲಾವಣೆ ಎದುರಿಗಿರುವಾಗ ಹೆಚ್ಚು ಅಪಾಯದ್ದನ್ನು ಮೊದಲು ಕೈಗೆತ್ತಿಕೊಳ್ಳುವ ರೂಢಿಯನ್ನು ಬಿಡಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ.

7. ಸಮಾರೋಪ

ಕೈಗೊಳ್ಳಬೇಕಾದ ಕ್ರಮ ಹೀಗೆ ಬರುತ್ತದೆ: ಮೊದಲು ಮೂಲ, ಆಮೇಲೆ ಮಾರ್ಕಿನ ಅಂತರ, ಕೊನೆಗೆ ಬ್ಲಾಕಿನ ಗಾತ್ರ. ಮೂಲದ ಕಡೆ ಅಮಾಂಡಾದ ಕರ್ತೃಗಳು ತೋರಿದ ದಾರಿ ಮೂರು ದಶಕಗಳ ನಂತರವೂ ಸರಿಯಾಗಿಯೇ ಇದೆ. ಮಾರ್ಕಿನ ಅಂತರ ಒಂದು ನಿಮಿಷದ ಓಟವಾಗಿರಲಿ. ಅಂತರ ಸರಿಪಡಿಸಿದ ಮೇಲೆ ಎಲ್‌ಟಿಒ-8ರ ಮಾರ್ಕಿನ ಮಿತಿ 342 ಎಂಬಿಗೆ ಏರುತ್ತದೆ. ಆಗ ಬ್ಲಾಕಿನ ಗಾತ್ರ ನಿಜವಾಗಿಯೂ ಮುಂದಿನ ಅಡ್ಡಿಯಾಗಬಹುದು. 256 ಕೆಬಿ ಅಥವಾ 1 ಎಂಬಿ ಮಾಡಿ ಎಂಬ ಸಲಹೆಯ ಸರಿಯಾದ ಸರದಿ ಅದು.

ಎರಡು ಪ್ರಶ್ನೆಗಳು ಉಳಿದಿವೆ. ನಿಲುಗಡೆಯ ಕಾಲ ಎಲ್ಲ ತಲೆಮಾರುಗಳಲ್ಲೂ ಒಂದೇ ಎಂದು ನಾನು ಹಿಡಿದಿದ್ದೇನೆ. ಬೇರೆ ಬೇರೆ ಡ್ರೈವ್‌ಗಳ ಮೇಲೆ ಮೇಲಿನ ಎರಡು ಗಾತ್ರಗಳ ಪರೀಕ್ಷೆ ನಡೆದರೆ ಕೋಷ್ಟಕದ ಅಂಕಿಗಳನ್ನು ತಿದ್ದಿಕೊಳ್ಳಬೇಕಾಗಬಹುದು. ಹಾಗೆ ತಿದ್ದುವವರಿಗೆ ಸ್ವಾಗತ. ಇನ್ನೊಂದು ಹೆಚ್ಚು ಮುಖ್ಯವಾದುದು. ಸರ್ನ್‌ನವರು ಮಾರ್ಕಿಗೆ ಕಾಯದೆ ಮುಂದುವರಿಯಲು ಆದದ್ದು ಟೇಪಿಗೆ ಇಳಿದದ್ದು ಖಾತರಿಯಾಗುವವರೆಗೆ ಮೂಲ ಪ್ರತಿ ಡಿಸ್ಕಿನಲ್ಲಿ ಇರುತ್ತಿದ್ದುದರಿಂದ. ಸ್ಪೂಲ್ ಬಳಸುವ ಬ್ಯಾಕಪ್‌ನಲ್ಲೂ ದತ್ತಾಂಶ ಸ್ವಲ್ಪ ಹೊತ್ತು ಡಿಸ್ಕಿನಲ್ಲಿರುತ್ತದೆ. ಆ ಪ್ರತಿಯನ್ನು ಅಳಿಸುವ ಮುನ್ನ ಒಮ್ಮೆ ಮಾತ್ರ ಖಾತರಿ ಕೇಳುವಂತೆ ತಂತ್ರಾಂಶವನ್ನು ಬದಲಾಯಿಸಿದರೆ ದಾರಿಗಲ್ಲುಗಳನ್ನು ದಟ್ಟವಾಗಿ ಇಟ್ಟುಕೊಂಡೇ ಟೇಪನ್ನು ನಿಲ್ಲದಂತೆ ಓಡಿಸಲು ಸಾಧ್ಯವಾಗಬೇಕು. ಅದು ಸಾಧ್ಯವಾದ ದಿನ ನನ್ನ ಒಂದು ನಿಮಿಷದ ನಿಯಮವೇ ಅನಗತ್ಯವಾಗುತ್ತದೆ. ಅಲ್ಲಿಯವರೆಗೆ ಅದು ಉಪಯೋಗಕ್ಕೆ ಬರಲಿ.